ಕೈಬೆರಳುಗಳಲ್ಲಿ ಗೌಟ್ ಗಂಟುಗಳು: ಶಸ್ತ್ರಚಿಕಿತ್ಸೆ ಯಾವಾಗ, ಎಷ್ಟರ ಮಟ್ಟಿಗೆ?

ಹಿರಿಮಗಳು
ಎಲ್ಲರಿಗೂ ನಮಸ್ಕಾರ. ನನ್ನ ತಂದೆಯವರಿಗೆ ಬಹಳ ವರ್ಷಗಳಿಂದ ಗೌಟ್, ಅಂದರೆ ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲುಗಳಲ್ಲಿ ಹರಳುಗಟ್ಟುವ ರೋಗ, ಇದೆ. ಮೊದಲು ಕಾಲಿನ ಹೆಬ್ಬೆರಳಿಗಷ್ಟೇ ಬಂದು ಹೋಗುತ್ತಿದ್ದ ನೋವು ಈಗ ಎರಡೂ ಕೈಗಳಿಗೆ ಹಬ್ಬಿದ್ದು, ಬೆರಳುಗಳ ಗೆಣ್ಣುಗಳ ಮೇಲೆ ಗಟ್ಟಿ ಗಂಟುಗಳು ಬೆಳೆದಿವೆ. ಬಲಗೈಯ ಉಂಗುರ ಬೆರಳಿನ ಗಂಟಿನ ಮೇಲಿನ ಚರ್ಮ ತೆಳುವಾಗಿ ಒಡೆದು, ಅದರಿಂದ ಸುಣ್ಣದಂತಹ ಬಿಳಿಯ ಪದಾರ್ಥ ಆಗಾಗ ಒಸರುತ್ತಿದೆ. ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಲೇಖನಿ ಹಿಡಿಯುವುದೂ ಅವರಿಗೆ ಕಷ್ಟವಾಗಿದೆ. ಈಚೆಗೆ ರಾತ್ರಿ ಹೊತ್ತು ಅದೇ ಕೈಯ ಹೆಬ್ಬೆರಳು, ತೋರುಬೆರಳು ಮತ್ತು ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದೆ ಎನ್ನುತ್ತಾರೆ.

ಒಬ್ಬ ಶಸ್ತ್ರವೈದ್ಯರು ಎಲ್ಲ ಗಂಟುಗಳನ್ನೂ ಒಮ್ಮೆಗೇ ತೆಗೆದುಬಿಡೋಣ ಎಂದರು. ಸಂಧಿವಾತ ತಜ್ಞರಾದ ಇನ್ನೊಬ್ಬರು, ಮಾತ್ರೆಯಿಂದಲೇ ಇವು ಕರಗುತ್ತವೆ, ಕತ್ತರಿ ಹಾಕಿಸಬೇಡಿ ಎಂದರು. ಯೂರಿಕ್ ಆಮ್ಲ 9.4 ಇದೆ. ಮಧುಮೇಹವೂ ಇದೆ, ಮೂತ್ರಪಿಂಡದ ಕೆಲಸ ಸ್ವಲ್ಪ ಕುಗ್ಗಿದೆ. ಯಾರ ಮಾತನ್ನು ಕೇಳಬೇಕೆಂದು ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಅನುಮಾನಪ್ಪ
ಮಾತ್ರೆಯಿಂದ ಕರಗುವ ವಸ್ತುವಿಗೆ ಕತ್ತರಿ ಏಕೆ ಬೇಕು? ಶಸ್ತ್ರವೈದ್ಯರ ಬಳಿಗೆ ಹೋದರೆ ಅವರು ಶಸ್ತ್ರಚಿಕಿತ್ಸೆಯನ್ನೇ ಹೇಳುತ್ತಾರೆ. ನಾನಾಗಿದ್ದರೆ ಎರಡನೆಯವರ ಮಾತನ್ನೇ ಕೇಳುತ್ತಿದ್ದೆ.

ಸಂಧಿವೈದ್ಯೆ
ನಾನು ಸಂಧಿವಾತ ವಿಭಾಗದಲ್ಲಿ ಕೆಲಸ ಮಾಡುವವಳು. ರೋಗಿಯನ್ನು ನೋಡದೆ ಹೇಳುವ ಮಾತು ಇದು ಎಂಬುದನ್ನು ನೆನಪಿನಲ್ಲಿಡಿ. ನೀವು ಕೊಟ್ಟ ವಿವರಗಳಲ್ಲಿ ಎರಡು ಸಂಗತಿಗಳು ಉಳಿದವುಗಳಿಗಿಂತ ತುರ್ತಿನವು: ಒಡೆದ ಚರ್ಮ ಮತ್ತು ಬೆರಳುಗಳ ಜೋಮು.

ಯೂರಿಕ್ ಆಮ್ಲದ ಲವಣವಾದ ಯೂರೇಟ್ ದೇಹದ ಸಾಮಾನ್ಯ ಉಷ್ಣತೆಯಲ್ಲಿ ರಕ್ತದ ಪ್ರತಿ ಡೆಸಿಲೀಟರಿಗೆ ಸುಮಾರು 6.8 ಮಿಲಿಗ್ರಾಂವರೆಗೆ ಮಾತ್ರ ಕರಗಿರಬಲ್ಲದು. ಅದಕ್ಕಿಂತ ಹೆಚ್ಚಾದದ್ದು ಹರಳುಗಟ್ಟಲು ಅವಕಾಶ ಸಿಗುತ್ತದೆ. ಉಷ್ಣತೆ ತಗ್ಗಿದಷ್ಟೂ ಕರಗುವ ಶಕ್ತಿ ತಗ್ಗುವುದರಿಂದ, ದೇಹದ ನಡುಭಾಗಕ್ಕಿಂತ ತಣ್ಣಗಿರುವ ಕಾಲ್ಬೆರಳು, ಕೈಬೆರಳು, ಕಿವಿಯ ಅಂಚುಗಳಲ್ಲಿ ಈ ಗಂಟುಗಳು ಹೆಚ್ಚಾಗಿ ಕಾಣುತ್ತವೆ. ಇವನ್ನು ಟೋಫಸ್ ಎನ್ನುತ್ತೇವೆ. ಇದೇ ಲೆಕ್ಕ ತಿರುಗಿಸಿದರೂ ಸರಿಹೋಗುತ್ತದೆ: ಯೂರಿಕ್ ಆಮ್ಲವನ್ನು 6ಕ್ಕಿಂತ ಕೆಳಗೆ, ಗಂಟುಗಳಿರುವವರಲ್ಲಿ ಸಾಧ್ಯವಾದರೆ 5ಕ್ಕಿಂತ ಕೆಳಗೆ ಇಳಿಸಿ ಅಲ್ಲೇ ಹಿಡಿದಿಟ್ಟರೆ, ಕೂಡಿಬಿದ್ದ ಹರಳು ನಿಧಾನವಾಗಿ ಕರಗಿಹೋಗುತ್ತದೆ. ಮಟ್ಟ ಎಷ್ಟು ಕೆಳಗಿದ್ದರೆ ಗಂಟು ಅಷ್ಟು ಬೇಗ ಕುಗ್ಗುತ್ತದೆ. ಆದರೂ ಇದು ತಿಂಗಳುಗಳ, ದೊಡ್ಡ ಗಂಟಾದರೆ ವರ್ಷಗಳ ಕೆಲಸ.

ಆದ್ದರಿಂದ ಮಾತ್ರೆಯಿಂದ ಕರಗುತ್ತದೆ ಎಂಬ ಮಾತು ಸುಳ್ಳಲ್ಲ. ಒತ್ತಡಕ್ಕೆ ಸಿಕ್ಕಿದ ನರ ಅಷ್ಟು ಕಾಲ ಕಾಯುತ್ತದೆಯೇ ಎಂಬುದೇ ಪ್ರಶ್ನೆ, ಮತ್ತು ಅದು ಸಾಮಾನ್ಯವಾಗಿ ಕಾಯುವುದಿಲ್ಲ.

ಹಳೆಯ ಗೌಟಿಗ
ತಂಗಿ, ನಾನು ಈ ಹಾದಿಯಲ್ಲಿ ನಡೆದು ಬಂದವನು. ನನ್ನ ತೋರುಬೆರಳಿನ ಮೇಲಿನ ಗಂಟನ್ನು ಯಾರೂ ಮುಟ್ಟಲಿಲ್ಲ, ಮಾತ್ರೆಯ ಪ್ರಮಾಣವನ್ನೂ ಯಾರೂ ಏರಿಸಲಿಲ್ಲ. ಪ್ರತಿ ಸಲವೂ ಅದೇ 100 ಮಿಲಿಗ್ರಾಂ ಚೀಟಿಯನ್ನು ಬರೆದುಕೊಟ್ಟು ಕಳುಹಿಸುತ್ತಿದ್ದರು. ಕಡೆಗೆ ಕೈಶಸ್ತ್ರವೈದ್ಯರು ಬೆರಳನ್ನು ತೆರೆದು ನೋಡಿದಾಗ, ಬೆರಳನ್ನು ನೇರ ಮಾಡುವ ಸ್ನಾಯುರಜ್ಜುವಿನ ಎಳೆಗಳ ನಡುವೆಯೇ ಆ ಬಿಳಿಯ ಪದಾರ್ಥ ಸೇರಿಕೊಂಡಿತ್ತಂತೆ. ತೆಗೆಯಬಹುದಾದಷ್ಟನ್ನು ತೆಗೆದರು. ನೋವು ಹೋಯಿತು, ಉಂಗುರದಂತೆ ಉಬ್ಬಿದ್ದ ಗೆಣ್ಣು ಇಳಿಯಿತು, ಆದರೆ ಬೆರಳು ಮೊದಲಿನಂತೆ ಪೂರ್ತಿ ಮಡಚುವುದಿಲ್ಲ. ಆದ್ದರಿಂದ ಸುಮ್ಮನೆ ಕಾಯಿರಿ ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಬೆರಳೆಣಿಕೆ
ನನ್ನ ಅನುಭವ ಇದಕ್ಕೆ ತದ್ವಿರುದ್ಧ. ನಮ್ಮ ದೊಡ್ಡಪ್ಪನವರಿಗೆ ಎರಡೂ ಕೈಗಳ ಗಂಟುಗಳನ್ನು ತೆಗೆಸಿದೆವು. ಆಮೇಲೆ ಯೂರಿಕ್ ಆಮ್ಲವನ್ನು ಇಳಿಸುವ ಔಷಧಿಯ ಬಗ್ಗೆ ಯಾರೂ ಒತ್ತಿ ಹೇಳಲಿಲ್ಲ. ತೆಗೆದ ಜಾಗಗಳ ಪಕ್ಕದಲ್ಲೇ ಮತ್ತೆ ಗಂಟುಗಳು ಎದ್ದವು. ಹಾಗಾದರೆ ಆ ಶಸ್ತ್ರಚಿಕಿತ್ಸೆಯಿಂದ ಸಿಕ್ಕಿದ್ದೇನು?

ಅನುಮಾನಪ್ಪ
ನಾನು ಹೇಳಿದ್ದೂ ಇದನ್ನೇ.

ಕೈಶಸ್ತ್ರಜ್ಞ
ಬೆರಳೆಣಿಕೆಯವರು ಹೇಳಿದ್ದು ಶಸ್ತ್ರಚಿಕಿತ್ಸೆಯ ಸೋಲಲ್ಲ, ಶಸ್ತ್ರಚಿಕಿತ್ಸೆಯಿಂದ ಅದರ ಕೆಲಸವಲ್ಲದ ಕೆಲಸವನ್ನು ನಿರೀಕ್ಷಿಸಿದ್ದರ ಫಲ. ಕತ್ತರಿಯು ಯೂರಿಕ್ ಆಮ್ಲದ ಮಟ್ಟವನ್ನು ಇಳಿಸುವುದಿಲ್ಲ. ಹಲವು ವರ್ಷಗಳಿಂದ ಕೈಗಳ ಶಸ್ತ್ರಚಿಕಿತ್ಸೆಯನ್ನೇ ಮಾಡುತ್ತಿರುವ ನಾನು, ಗೌಟ್ ಗಂಟುಗಳ ವಿಷಯದಲ್ಲಿ ಚಾಕು ಹಿಡಿಯುವ ಸಂದರ್ಭಗಳನ್ನು ಬೇಕೆಂದೇ ಕಡಿಮೆ ಮಾಡಿಕೊಂಡಿದ್ದೇನೆ. ಗಂಟು ಒಡೆದು ಸೋಂಕು ತಗುಲಿದಾಗ, ಒಡೆಯುವ ಹಂತಕ್ಕೆ ಬಂದು ಚರ್ಮ ಬಿಳಿಚಿದಾಗ, ನರದ ಮೇಲೆ ಒತ್ತಡ ಬಿದ್ದಾಗ, ಸ್ನಾಯುರಜ್ಜು ಸಿಕ್ಕಿಹಾಕಿಕೊಂಡು ಬೆರಳು ಚಲಿಸದಿದ್ದಾಗ ಅಥವಾ ರಜ್ಜು ಹರಿಯುವ ಭಯವಿದ್ದಾಗ, ಕೀಲು ಹಾಳಾಗಿ ಅಲುಗಾಡುತ್ತ ನೋಯುತ್ತಿದ್ದಾಗ, ಗಂಟಿನ ಗಾತ್ರದಿಂದಲೇ ಕೈಯ ಬಳಕೆ ನಿಂತುಹೋದಾಗ ನಾನು ಶಸ್ತ್ರಚಿಕಿತ್ಸೆಯ ಮಾತೆತ್ತುತ್ತೇನೆ. ನೋಡಲು ಚೆನ್ನಾಗಿಲ್ಲ ಎಂಬ ಒಂದೇ ಕಾರಣಕ್ಕೆ ಬಂದವರನ್ನು ಸಾಮಾನ್ಯವಾಗಿ ಮೊದಲು ಸಂಧಿವೈದ್ಯೆಯಂಥವರ ಬಳಿಗೆ ಕಳುಹಿಸುತ್ತೇನೆ.

ಎಲ್ಲವನ್ನೂ ಒಮ್ಮೆಗೇ ತೆಗೆಯೋಣ ಎಂಬ ಮಾತು ನನಗೆ ಒಪ್ಪಿಗೆಯಿಲ್ಲ. ಗೌಟ್ ಗಂಟು ತನ್ನದೇ ಚೀಲದೊಳಗೆ ಕುಳಿತು, ಬಿಡಿಸಿದರೆ ಇಡಿಯಾಗಿ ಹೊರಬರುವ ಗಡ್ಡೆಯಲ್ಲ. ಅದು ಕೀಲಿನ ಕವಚ, ಮೂಳೆಗಳನ್ನು ಜೋಡಿಸುವ ಅಸ್ಥಿರಜ್ಜು, ಸ್ನಾಯುರಜ್ಜು, ಚರ್ಮದ ಕೆಳಪದರ ಎಲ್ಲವನ್ನೂ ಹೊಕ್ಕು ಕುಳಿತಿರುತ್ತದೆ. ಬೆರಳಿನ ಎರಡೂ ಪಕ್ಕಗಳಲ್ಲಿ ಸಾಗುವ ಸಣ್ಣ ನರ ಮತ್ತು ರಕ್ತನಾಳಗಳು ಗಂಟಿನ ಒತ್ತಡಕ್ಕೆ ತಮ್ಮ ಜಾಗವನ್ನೇ ಬದಲಿಸಿರುತ್ತವೆ. ಕೊನೆಯ ಕಣವನ್ನೂ ಕೆರೆದು ತೆಗೆಯುತ್ತೇನೆಂದು ಹೊರಟವನು ಆ ನರವನ್ನೋ ರಜ್ಜುವನ್ನೋ ಕತ್ತರಿಸುವ ಅಪಾಯವಿದೆ. ಆದ್ದರಿಂದ ನಮ್ಮ ಗುರಿ ಗಂಟಿನ ಗಾತ್ರವನ್ನು ಇಳಿಸುವುದು, ಕೈಗೆ ಕೆಲಸವನ್ನು ಮರಳಿಸುವುದು. ಉಳಿದ ಹರಳನ್ನು ಔಷಧಿಗೆ ಬಿಡುವುದು.

ನಿಧಾನಿ
ಡಾಕ್ಟರೇ, ಒಂದು ಸಣ್ಣ ಪ್ರಶ್ನೆ. ಒಡೆದ ಜಾಗದಿಂದ ಬಿಳಿಯ ಪದಾರ್ಥ ಹೊರಬರುವುದಾದರೆ, ಅದನ್ನು ಮನೆಯಲ್ಲೇ ಒತ್ತಿ ತೆಗೆದರೆ ಗಂಟು ಸಣ್ಣದಾಗುವುದಿಲ್ಲವೇ? ನನ್ನ ಪರಿಚಯದವರೊಬ್ಬರು ಸೂಜಿಯಿಂದ ಚುಚ್ಚಿ ಹೀಗೆಯೇ ಮಾಡುತ್ತಾರೆ.

ಕೈಶಸ್ತ್ರಜ್ಞ
ದಯವಿಟ್ಟು ಅವರಿಗೆ ಈ ಅಭ್ಯಾಸವನ್ನು ಇಂದೇ ನಿಲ್ಲಿಸಲು ಹೇಳಿ. ಆ ಗಂಟು ಬಹಳ ಸಲ ಕೀಲಿನ ಒಳಭಾಗದೊಂದಿಗೆ ನೇರವಾಗಿ ಕೂಡಿಕೊಂಡಿರುತ್ತದೆ. ಸೂಜಿಯ ಮೂಲಕ ಒಳಹೊಕ್ಕ ಸೋಂಕು ಮೂಳೆಗೂ ಕೀಲಿಗೂ ಇಳಿದರೆ ಬೆರಳನ್ನೇ ತೆಗೆಯುವ ಸ್ಥಿತಿ ಬರಬಹುದು. ಗೌಟ್‌ನಿಂದಾಗಿ ಬೆರಳು ಕಳೆದುಕೊಳ್ಳುವುದು ಅಪರೂಪ. ಹಾಗೆ ಕಳೆದುಕೊಂಡವರಲ್ಲಿ ಬಹುಮಟ್ಟಿಗೆ ಹಿಂದೆ ಇಂಥದೊಂದು ಸೋಂಕಿನ ಕಥೆ ಇರುತ್ತದೆ.

ಹಿರಿಮಗಳು
ತಂದೆಯವರ ಉಂಗುರ ಬೆರಳು ಸ್ವಲ್ಪ ಕೆಂಪಾಗಿದೆ, ಮುಟ್ಟಿದರೆ ಬಿಸಿ ಎನಿಸುತ್ತದೆ. ಅದು ಸೋಂಕೋ ಗೌಟ್‌ನ ಉಲ್ಬಣವೋ ಎಂದು ತಿಳಿಯುವುದು ಹೇಗೆ?

ಸಂಧಿವೈದ್ಯೆ
ಬರಿಗಣ್ಣಿಗೆ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಎರಡರಲ್ಲೂ ಊತ, ಕೆಂಪು, ಜ್ವರ, ರಕ್ತದಲ್ಲಿ ಬಿಳಿಕಣಗಳ ಏರಿಕೆ ಇರಬಹುದು. ಎರಡೂ ಒಟ್ಟಿಗೆ ಇರುವುದೂ ಉಂಟು. ಕೀಲಿನ ದ್ರವವನ್ನೋ ಗಾಯದ ಒಸರನ್ನೋ ತೆಗೆದು, ಹರಳಿಗೂ ರೋಗಾಣುವಿಗೂ ಎರಡಕ್ಕೂ ಪರೀಕ್ಷೆ ಮಾಡಬೇಕು. ಹರಳು ಕಂಡಿತೆಂದ ಮಾತ್ರಕ್ಕೆ ಸೋಂಕಿಲ್ಲ ಎಂದು ತೀರ್ಮಾನಿಸುವುದು ದೊಡ್ಡ ತಪ್ಪು. ಮಧುಮೇಹ ಇರುವವರಲ್ಲಿ ಇದನ್ನು ನಾಳೆಗೆ ಮುಂದೂಡಬೇಡಿ.

ಪ್ರಯೋಗಾಲಯದವನು
ಈ ಮಾತಿಗೆ ನನ್ನದೊಂದು ಸೇರ್ಪಡೆ. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ತುಣುಕನ್ನು ಅಭ್ಯಾಸಬಲದಿಂದ, ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್‌ನಲ್ಲಿ ಹಾಕಿ ಕಳುಹಿಸುತ್ತಾರೆ. ಫಾರ್ಮಲಿನ್ ನೀರಿನಲ್ಲಿ ಬೆರೆಸಿದ ದ್ರಾವಣವಾದ್ದರಿಂದ ಯೂರೇಟ್ ಹರಳು ಅದರಲ್ಲಿ ಕರಗಿಹೋಗುತ್ತದೆ. ನಮ್ಮ ಕೈಗೆ ಬರುವಾಗ ಹರಳಿದ್ದ ಜಾಗದ ಸುತ್ತ ಸೇರಿದ ಜೀವಕೋಶಗಳಷ್ಟೇ ಉಳಿದಿರುತ್ತವೆ, ಹರಳು ಇರುವುದಿಲ್ಲ. ಹರಳನ್ನೇ ನೋಡಬೇಕೆಂದಿದ್ದರೆ ತುಣುಕಿನ ಒಂದು ಭಾಗವನ್ನು ಶುದ್ಧ ಆಲ್ಕೋಹಾಲ್‌ನಲ್ಲಿ ಕಳುಹಿಸಬೇಕು ಅಥವಾ ಏನೂ ಹಾಕದೆ ತಾಜಾ ತಲುಪಿಸಬೇಕು. ರೋಗಾಣು ಬೆಳೆಸುವ ಪರೀಕ್ಷೆಗೆ ಪ್ರತ್ಯೇಕವಾಗಿ, ಯಾವ ದ್ರಾವಣವನ್ನೂ ಹಾಕದ, ಸೋಂಕುರಹಿತ ಡಬ್ಬಿಯಲ್ಲಿ ಕಳುಹಿಸಬೇಕು.

ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಈ ಹರಳು ಚೂಪಾದ ಸೂಜಿಗಳಾಗಿ ಹೊಳೆಯುತ್ತದೆ. ಕೀಲಿನ ದ್ರವದಲ್ಲಿ ಅದನ್ನು ಹೀಗೆ ಗುರುತಿಸುವ ಕ್ರಮವನ್ನು ಮೆಕಾರ್ಟಿ ಮತ್ತು ಹಾಲಂಡರ್ 1961ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಗೌಟ್‌ನ ಖಚಿತ ನಿರ್ಣಯಕ್ಕೆ ಅದನ್ನು ಮೀರಿಸಿದ ಪರೀಕ್ಷೆ ಇಲ್ಲವೆಂಬುದು ನನ್ನ ಅಭಿಪ್ರಾಯ.

ಚಿತ್ರಲಿಪಿ
ಅಭಿಪ್ರಾಯವನ್ನು ಗೌರವಿಸುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. ನಾನು ಸ್ಕ್ಯಾನಿಂಗ್ ವಿಭಾಗದವನು. ಎರಡು ಶಕ್ತಿಮಟ್ಟಗಳ ಎಕ್ಸ್-ಕಿರಣಗಳನ್ನು ಬಳಸುವ ಡ್ಯುಯಲ್ ಎನರ್ಜಿ ಸಿಟಿ ಸ್ಕ್ಯಾನ್‌ನಲ್ಲಿ ಯೂರೇಟ್ ಎಲ್ಲೆಲ್ಲಿ ಕೂಡಿದೆ ಎಂಬುದನ್ನು ಬಣ್ಣ ಕೊಟ್ಟು ತೋರಿಸಬಹುದು. ಯಾವ ಗಂಟು ಕೀಲಿನೊಳಗಿದೆ, ಯಾವುದು ರಜ್ಜುವಿನೊಳಗೆ ಹೊಕ್ಕಿದೆ, ಮಣಿಕಟ್ಟಿನ ಒಳಗೆ ಏನಾದರೂ ಕುಳಿತಿದೆಯೇ ಎಂಬುದು ಚಾಕು ಹಿಡಿಯುವ ಮೊದಲೇ ತಿಳಿಯುವುದರಿಂದ ಶಸ್ತ್ರವೈದ್ಯರಿಗೆ ಬಹಳ ಉಪಯೋಗ. ಇದು ಸಿಗದ ಕಡೆ ಸಾಮಾನ್ಯ ಎಕ್ಸ್-ರೇ ಮತ್ತು ಅಲ್ಟ್ರಾಸೌಂಡ್‌ನಿಂದಲೂ ಬಹಳಷ್ಟು ತಿಳಿಯುತ್ತದೆ. ಎಕ್ಸ್-ರೇಯಲ್ಲಿ ಮೂಳೆಯ ಅಂಚು ಕೊರೆದಂತೆ ಕಂಡು, ಆ ಕೊರೆತದ ತುದಿ ಹೊರಗೆ ಚಾಚಿಕೊಂಡಿರುತ್ತದೆ, ಕೀಲಿನ ಅಂತರ ಮಾತ್ರ ಬಹುಕಾಲ ಉಳಿದಿರುತ್ತದೆ.

ಪ್ರಯೋಗಾಲಯದವನು
ಆರಂಭದ ಹಂತದಲ್ಲಿ, ಹರಳು ಕಡಿಮೆಯಿದ್ದಾಗ, ನಿಮ್ಮ ಸ್ಕ್ಯಾನ್ ಏನನ್ನೂ ತೋರಿಸದೆ ಇರುವುದುಂಟು. ಉಗುರಿನಲ್ಲಿ ಇಲ್ಲದ ಯೂರೇಟನ್ನು ತೋರಿಸುವುದೂ ಉಂಟು.

ಚಿತ್ರಲಿಪಿ
ಎರಡೂ ನಿಜ. ಆದರೆ ಇಲ್ಲಿ ಕೇಳಿದವರ ತಂದೆಯವರದು ಆರಂಭದ ಹಂತವಲ್ಲ.

ಹಿರಿಮಗಳು
ನಿನ್ನೆಯೇ ಕರೆದುಕೊಂಡು ಹೋದೆವು. ಒಸರಿನಲ್ಲಿ ಹರಳುಗಳೂ ಕಂಡವು, ರೋಗಾಣುವೂ ಬೆಳೆಯುತ್ತಿದೆ ಎಂದು ಮೊದಲ ವರದಿಯಲ್ಲಿ ಹೇಳಿದ್ದಾರೆ. ಪ್ರತಿಜೀವಕ ಶುರುಮಾಡಿದ್ದಾರೆ. ಜೋಮಿನ ವಿಷಯಕ್ಕೆ ನರದ ಪರೀಕ್ಷೆ ಮಾಡಿಸಿ, ಮಣಿಕಟ್ಟಿನಲ್ಲಿ ಮಧ್ಯದ ನರದ ಮೇಲೆ ಒತ್ತಡ ಬಿದ್ದಿದೆ ಎಂದರು. ಇದಕ್ಕೂ ಗೌಟ್ ಕಾರಣವೇ? ಕಾರ್ಪಲ್ ಟನಲ್ ಎಂಬ ಈ ಮಣಿಕಟ್ಟಿನ ನರದ ತೊಂದರೆ ಕೈಗೆ ಬಹಳ ಕೆಲಸ ಕೊಡುವವರಿಗೆ ಬರುತ್ತದೆಂದು ಕೇಳಿದ್ದೆ.

ಕೈಶಸ್ತ್ರಜ್ಞ
ಕಾರಣಗಳು ಹಲವು, ಮಧುಮೇಹವೂ ಅದರಲ್ಲೊಂದು. ಆದರೆ ಕೈಯಲ್ಲಿ ಇಷ್ಟು ಗಂಟುಗಳಿರುವವರಲ್ಲಿ ಗೌಟ್ ಅನ್ನು ಮೊದಲು ನೆನೆಯಬೇಕು. ಮಣಿಕಟ್ಟಿನ ಅಂಗೈ ಬದಿಯಲ್ಲಿ ಮೂಳೆಗಳು ಮತ್ತು ಒಂದು ಅಡ್ಡ ಅಸ್ಥಿರಜ್ಜು ಸೇರಿ ಒಂದು ಇಕ್ಕಟ್ಟಾದ ದಾರಿಯನ್ನು ಮಾಡುತ್ತವೆ. ಬೆರಳುಗಳನ್ನು ಮಡಚುವ ಒಂಬತ್ತು ರಜ್ಜುಗಳು ಮತ್ತು ಮಧ್ಯದ ನರ ಆ ದಾರಿಯಲ್ಲೇ ಸಾಗಬೇಕು. ರಜ್ಜುಗಳ ಮೇಲೋ ಆ ದಾರಿಯ ತಳದಲ್ಲೋ ಯೂರೇಟ್ ಕೂಡಿದರೆ ಒತ್ತಡ ತಡೆಯಲಾರದ ನರ ಮೊದಲು ನರಳುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿದು, ಕಿರುಬೆರಳು ಮಾತ್ರ ಸರಿಯಿರುವುದು ಇದೇ ನರದ ಗುರುತು. ಹೆಬ್ಬೆರಳಿನ ಬುಡದ ಸ್ನಾಯು ಸೊರಗಿದೆಯೇ ಎಂದು ಎರಡೂ ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಸೊರಗಿದ್ದರೆ ತಡಮಾಡುವಂತಿಲ್ಲ.

ಸಾಮಾನ್ಯ ಕಾರ್ಪಲ್ ಟನಲ್ ತೊಂದರೆಗೆ ಸಣ್ಣ ಗಾಯದಿಂದ, ಕ್ಯಾಮೆರಾದ ಸಹಾಯದಿಂದ ಆ ಅಡ್ಡ ಅಸ್ಥಿರಜ್ಜುವನ್ನು ಕತ್ತರಿಸಬಹುದು. ಗೌಟ್ ಇರುವವರಲ್ಲಿ ನಾನು ತೆರೆದ ಕ್ರಮವನ್ನೇ ಆರಿಸುತ್ತೇನೆ, ಏಕೆಂದರೆ ನರವನ್ನು ಕಣ್ಣಾರೆ ನೋಡಿ ಕಾಪಾಡಿಕೊಂಡು, ರಜ್ಜುಗಳಿಗೆ ಅಂಟಿದ ಯೂರೇಟನ್ನೂ ಉಬ್ಬಿದ ಪೊರೆಯನ್ನೂ ತೆಗೆಯಬೇಕಾಗುತ್ತದೆ.

ಅನುಮಾನಪ್ಪ
ಇಷ್ಟೆಲ್ಲ ಓದಿದ ಮೇಲೆ, ಈ ನರದ ವಿಷಯದಲ್ಲಿ ಶಸ್ತ್ರಚಿಕಿತ್ಸೆ ಬೇಕೆಂಬುದನ್ನು ಒಪ್ಪುತ್ತೇನೆ. ಉಳಿದ ಬೆರಳುಗಳ ವಿಷಯದಲ್ಲಿ ನನ್ನ ಅನುಮಾನ ಹಾಗೆಯೇ ಇದೆ. ಬೆರಳಿನ ಗಂಟಿಗೆ ಕೈಹಾಕಿದರೆ ಗಾಯ ಮಾಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರಲ್ಲ, ಅದರ ಬಗ್ಗೆ ಡಾಕ್ಟರು ಏಕೆ ಮಾತನಾಡುತ್ತಿಲ್ಲ?

ಕೈಶಸ್ತ್ರಜ್ಞ
ನೀವು ಕೇಳುವವರೆಗೆ ಕಾಯುತ್ತಿದ್ದೆ. ಗಾಯ ನಿಧಾನವಾಗಿ ಮಾಯುವುದು ಈ ಶಸ್ತ್ರಚಿಕಿತ್ಸೆಯ ಎಲ್ಲಕ್ಕಿಂತ ಸಾಮಾನ್ಯವಾದ ತೊಂದರೆ. ಗಂಟಿನ ಮೇಲಿನ ಚರ್ಮ ವರ್ಷಗಟ್ಟಲೆ ಹಿಗ್ಗಿ ತೆಳುವಾಗಿರುತ್ತದೆ, ಅದಕ್ಕೆ ರಕ್ತ ಪೂರೈಕೆ ಕಡಿಮೆ, ಒಳಪದರದಲ್ಲೇ ಹರಳಿರುತ್ತದೆ. ಅದರ ನೆತ್ತಿಯ ಮೇಲೆಯೇ ಉದ್ದಕ್ಕೆ ಕೊಯ್ದರೆ ಅಂಚುಗಳು ಕಪ್ಪಾಗಿ ಸಾಯಬಹುದು, ಕೆಳಗಿನ ರಜ್ಜು ಬಯಲಾಗಬಹುದು. ಆದ್ದರಿಂದ ಸಾಧ್ಯವಾದ ಕಡೆಯೆಲ್ಲ ಬೆರಳಿನ ಪಕ್ಕದಿಂದ, ಗಟ್ಟಿಯಾದ ಚರ್ಮವಿರುವ ಜಾಗದಿಂದ ಒಳಹೋಗುತ್ತೇವೆ. ಚರ್ಮದ ಪದರವನ್ನು ಹೆಚ್ಚು ಬಿಡಿಸುವುದಿಲ್ಲ. ಎಳೆದು ಬಿಗಿಯಾಗಿ ಹೊಲಿಯುವುದಿಲ್ಲ. ಚರ್ಮ ಸಾಲದಿದ್ದರೆ ಸ್ವಲ್ಪ ಭಾಗವನ್ನು ತೆರೆದೇ ಬಿಟ್ಟು, ಒಳಗಿನಿಂದ ತುಂಬಿಕೊಂಡು ಮಾಯಲು ಬಿಡುತ್ತೇವೆ. ಕೆಲವೊಮ್ಮೆ ಬೇರೆಡೆಯ ಚರ್ಮವನ್ನು ತಂದು ಮುಚ್ಚಬೇಕಾಗುತ್ತದೆ.

ಗಂಟು ಮೆತ್ತಗಿದ್ದರೆ ಇನ್ನೊಂದು ಕ್ರಮವಿದೆ. ಕೀಲುಗಳ ಒಳಗೆ ಬಳಸುವ ಶೇವರ್ ಎಂಬ ಸಣ್ಣ ತಿರುಗುವ ಉಪಕರಣವನ್ನು ಚಿಕ್ಕ ರಂಧ್ರದ ಮೂಲಕ ತೂರಿಸಿ, ಯೂರೇಟನ್ನು ಕೆರೆದು ಹೀರಿ ತೆಗೆಯುತ್ತಾರೆ. ಚರ್ಮಕ್ಕೆ ಆಗುವ ಪೆಟ್ಟು ಕಡಿಮೆ. ಬೆರಳಿನ ಪಕ್ಕದ ನರಗಳು ಕಣ್ಣಿಗೆ ಕಾಣದೆ ಕೆಲಸ ಮಾಡಬೇಕಾಗಿರುವುದರಿಂದ ನಾನು ಎಲ್ಲ ಕಡೆಯೂ ಇದನ್ನು ಬಳಸುವುದಿಲ್ಲ, ಬಳಸುವ ಸಹೋದ್ಯೋಗಿಗಳು ನನ್ನನ್ನು ಹಳೆಯ ಕಾಲದವನೆಂದು ಆಡಿಕೊಳ್ಳುವುದೂ ಉಂಟು.

ಹಳೆಯ ಗೌಟಿಗ
ಗಾಯ ನಿಧಾನವಾಗಿ ಮಾಯುವುದು ನಿಜ, ಅದಕ್ಕೆ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಳ್ಳಿ. ಹೊಲಿಗೆ ತೆಗೆದ ಮೇಲೂ ಬಹಳ ದಿನ ಗಾಯದಿಂದ ಬಿಳಿಯ ಕಣಗಳು ಬರುತ್ತಿದ್ದವು. ನಾನು ಕೀವೆಂದು ಗಾಬರಿಪಟ್ಟಿದ್ದೆ, ಪರೀಕ್ಷಿಸಿದಾಗ ಉಳಿದಿದ್ದ ಯೂರೇಟ್ ಎಂದು ತಿಳಿಯಿತು.

ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ನಾನು ದಾಖಲಾಗಿದ್ದ ಕಡೆ ಎಲ್ಲ ಮಾತ್ರೆಗಳನ್ನೂ ನಿಲ್ಲಿಸಿ ಎಂದರು, ಗೌಟ್ ಮಾತ್ರೆಯನ್ನೂ ನಿಲ್ಲಿಸಿದರು. ಕೈಯ ಶಸ್ತ್ರಚಿಕಿತ್ಸೆ ಮುಗಿದು ಕೆಲವೇ ದಿನಗಳಲ್ಲಿ ಎರಡೂ ಕಾಲುಗಳ ಕೀಲುಗಳು ಹೊತ್ತಿಕೊಂಡವು.

ಸಂಧಿವೈದ್ಯೆ
ಇದು ಪದೇಪದೇ ನಡೆಯುತ್ತದೆ. ಯೂರಿಕ್ ಆಮ್ಲವನ್ನು ಇಳಿಸುವ ಅಲೋಪ್ಯೂರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಅನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರು ಶಸ್ತ್ರಚಿಕಿತ್ಸೆಗಾಗಿ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಉಪವಾಸ, ನಿರ್ಜಲೀಕರಣ, ಶಸ್ತ್ರಚಿಕಿತ್ಸೆಯ ಒತ್ತಡ, ಯೂರಿಕ್ ಆಮ್ಲದ ಏರಿಳಿತ ಇವೆಲ್ಲ ಸೇರಿ ಮೊದಲ ವಾರದಲ್ಲೇ ಉಲ್ಬಣ ತರುತ್ತವೆ. ಆಗ ಜ್ವರವೂ ಬರುವುದರಿಂದ ಎಲ್ಲರೂ ಗಾಯಕ್ಕೆ ಸೋಂಕು ತಗುಲಿತೆಂದು ಓಡಾಡುತ್ತಾರೆ. ಉಲ್ಬಣವನ್ನು ತಡೆಯಲು ಕಡಿಮೆ ಪ್ರಮಾಣದ ಕಾಲ್ಚಿಸಿನ್ ಕೊಡುವುದು ವಾಡಿಕೆ.

ನಿಮ್ಮ ತಂದೆಯವರ ವಿಷಯದಲ್ಲಿ ಮೂತ್ರಪಿಂಡ ದುರ್ಬಲವಾಗಿರುವುದರಿಂದ ಕಾಲ್ಚಿಸಿನ್ ಪ್ರಮಾಣವನ್ನು ತಗ್ಗಿಸಬೇಕು. ಜೊತೆಗೆ ಕ್ಲಾರಿಥ್ರೋಮೈಸಿನ್ ಎಂಬ ಪ್ರತಿಜೀವಕವನ್ನು ಕೊಟ್ಟರೆ ಕಾಲ್ಚಿಸಿನ್ ದೇಹದಲ್ಲಿ ವಿಷದ ಮಟ್ಟಕ್ಕೆ ಏರಬಹುದು. ಈಗ ಸೋಂಕಿಗೆ ಯಾವ ಪ್ರತಿಜೀವಕ ಕೊಟ್ಟಿದ್ದಾರೆ ಎಂದು ಕೇಳಿ ನೋಡಿ. ನೋವಿಗೆಂದು ಡೈಕ್ಲೋಫೆನಾಕ್‌ನಂಥ ಮಾತ್ರೆಗಳನ್ನು ಅವರಿಗೆ ಕೊಡಬೇಡಿ, ಅವು ಮೂತ್ರಪಿಂಡವನ್ನು ಇನ್ನಷ್ಟು ಕೆಡಿಸುತ್ತವೆ. ಮಧುಮೇಹಕ್ಕೆ ಎಂಪಾಗ್ಲಿಫ್ಲೋಜಿನ್, ಡಾಪಾಗ್ಲಿಫ್ಲೋಜಿನ್ ಗುಂಪಿನ ಮಾತ್ರೆ ನಡೆಯುತ್ತಿದ್ದರೆ ಅದನ್ನು ಮಾತ್ರ ಯೋಜಿತ ಶಸ್ತ್ರಚಿಕಿತ್ಸೆಗೆ ಕನಿಷ್ಠ 3 ದಿನ ಮೊದಲು ನಿಲ್ಲಿಸಲು ಹೇಳುತ್ತಾರೆ, ಏಕೆಂದರೆ ರಕ್ತದ ಸಕ್ಕರೆ ಹೆಚ್ಚಾಗದಿದ್ದರೂ ರಕ್ತವನ್ನು ಆಮ್ಲೀಯಗೊಳಿಸುವ ಕೀಟೋನ್‌ಗಳು ಏರುವ ಅಪಾಯವಿದೆ. ಅದೇ ಗುಂಪಿನ ಮಾತ್ರೆ ಯೂರಿಕ್ ಆಮ್ಲವನ್ನು ಸ್ವಲ್ಪ ಇಳಿಸುತ್ತದೆ ಎಂಬುದು ಒಂದು ಲಾಭ.

ಹಿರಿಮಗಳು
ಮೇಡಂ, ತಂದೆಯವರಿಗೆ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಇದೆ. ಅದೂ ಗೌಟ್‌ಗೆ ಕಾರಣವಾಗುತ್ತದೆಯೇ?

ಸಂಧಿವೈದ್ಯೆ
ಥಯಜೈಡ್ ಮತ್ತು ಫ್ಯೂರೋಸೆಮೈಡ್ ಎರಡೂ ಯೂರಿಕ್ ಆಮ್ಲವನ್ನು ಏರಿಸುತ್ತವೆ. ಹೃದಯದ ಕಾರಣಕ್ಕೆ ಅನಿವಾರ್ಯವಾಗಿಲ್ಲದಿದ್ದರೆ ಬದಲಿಸಬಹುದೇ ಎಂದು ಅದನ್ನು ಬರೆದ ವೈದ್ಯರನ್ನೇ ಕೇಳಿ. ಲೋಸಾರ್ಟಾನ್ ರಕ್ತದೊತ್ತಡದ ಜೊತೆಗೆ ಯೂರಿಕ್ ಆಮ್ಲವನ್ನೂ ಸ್ವಲ್ಪ ಇಳಿಸುತ್ತದೆ. ನೀವಾಗಿಯೇ ನಿಲ್ಲಿಸಬೇಡಿ.

ನಿಧಾನಿ
ಇಷ್ಟು ಮಾತ್ರೆಗಳ ಮಾತಾಯಿತು, ಪಥ್ಯದ ಮಾತನ್ನು ಯಾರೂ ಆಡಲಿಲ್ಲ. ಆಹಾರವನ್ನು ಸರಿಯಾಗಿ ಕಟ್ಟುಮಾಡಿದ್ದರೆ ಈ ಸ್ಥಿತಿಯೇ ಬರುತ್ತಿರಲಿಲ್ಲ ಅಲ್ಲವೇ?

ಹಳೆಯ ಗೌಟಿಗ
ಈ ಮಾತನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಬಾಯಿ ಕಟ್ಟಿಕೊಂಡು ವರ್ಷಗಟ್ಟಲೆ ಬದುಕಿದವನು ನಾನು, ಗಂಟು ಬೆಳೆಯುವುದು ನಿಲ್ಲಲಿಲ್ಲ. ರೋಗಿಯ ನಾಲಿಗೆಯನ್ನೇ ದೂರುವವರಿಗೆ ರೋಗದ ಮೂಲ ಗೊತ್ತಿಲ್ಲ.

ಸಂಧಿವೈದ್ಯೆ
ಹಿರಿಯರ ಸಿಟ್ಟಿಗೆ ಅರ್ಥವಿದೆ. ಗೌಟ್ ಇರುವ ಬಹುಪಾಲು ಜನರಲ್ಲಿ ಮೂಲ ತೊಂದರೆಯೆಂದರೆ ಮೂತ್ರಪಿಂಡವು ಯೂರಿಕ್ ಆಮ್ಲವನ್ನು ಸಾಕಷ್ಟು ಹೊರಹಾಕದಿರುವುದು, ಅದರಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಪಥ್ಯದಿಂದ ಮಟ್ಟ ಸ್ವಲ್ಪ ಇಳಿಯುತ್ತದೆ, ಮದ್ಯವನ್ನು ಬಿಟ್ಟರೆ ಉಲ್ಬಣಗಳು ಕಡಿಮೆಯಾಗುತ್ತವೆ. ಆದರೆ 9.4 ಇರುವವರನ್ನು 5ಕ್ಕೆ ತರುವ ಶಕ್ತಿ ಪಥ್ಯಕ್ಕಿಲ್ಲ.

ಅಲೋಪ್ಯೂರಿನಾಲ್ 1966ರಿಂದ ಬಳಕೆಯಲ್ಲಿದೆ. ಅದನ್ನು ರೂಪಿಸಿದ ಗರ್ಟ್ರೂಡ್ ಎಲಿಯನ್ ಮತ್ತು ಜಾರ್ಜ್ ಹಿಚಿಂಗ್ಸ್ 1988ರಲ್ಲಿ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಸೇರಿದ್ದಾರೆ. ಇಷ್ಟು ಹಳೆಯ ಔಷಧಿಯನ್ನು ಇಂದಿಗೂ ಸರಿಯಾಗಿ ಬಳಸುತ್ತಿಲ್ಲ ಎಂಬುದು ನನ್ನ ದೂರು. 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆಯಿಂದ ಆರಂಭಿಸಿ, ಕೆಲವು ವಾರಗಳಿಗೊಮ್ಮೆ ರಕ್ತ ಪರೀಕ್ಷಿಸುತ್ತ, ಗುರಿ ಮುಟ್ಟುವವರೆಗೆ ಏರಿಸುತ್ತ ಹೋಗಬೇಕು. ಮೈಮೇಲೆ ದದ್ದು ಎದ್ದರೆ ಅಂದೇ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಫೆಬುಕ್ಸೊಸ್ಟಾಟ್ ಬಗ್ಗೆ 2019ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಹೃದಯಸಂಬಂಧಿ ಸಾವಿನ ಎಚ್ಚರಿಕೆಯನ್ನು ಸೇರಿಸಿದರು, ಅನಂತರದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಆ ಅಪಾಯ ಕಾಣಲಿಲ್ಲ. ಆದರೂ ಹೃದ್ರೋಗವಿದ್ದವರಲ್ಲಿ ಯೋಚಿಸಿ ಕೊಡುತ್ತೇವೆ.

ಬೆರಳೆಣಿಕೆ
ರಕ್ತನಾಳಕ್ಕೆ ಹಾಕುವ ಪೆಗ್ಲೋಟಿಕೇಸ್ ಎಂಬ ಔಷಧಿಯಿಂದ ಗಂಟುಗಳು ತಿಂಗಳುಗಳಲ್ಲೇ ಮಾಯವಾಗುತ್ತವೆ ಎಂದು ಓದಿದ್ದೇನೆ. ಹಾಗಿದ್ದರೆ ಬೆರಳಿಗೆ ಕತ್ತರಿಯೇ ಬೇಡವಲ್ಲವೇ?

ಸಂಧಿವೈದ್ಯೆ
ಕೆಲವರಲ್ಲಿ ನಿಜವಾಗಿಯೂ ಹಾಗೆ ಆಗುತ್ತದೆ, ನೋಡಿದವರಿಗೆ ಆಶ್ಚರ್ಯವಾಗುವಷ್ಟು. ಯೂರಿಕ್ ಆಮ್ಲವನ್ನು ಸುಲಭವಾಗಿ ಹೊರಹೋಗುವ ಅಲಂಟಾಯಿನ್ ಆಗಿ ಒಡೆಯುವ ಕಿಣ್ವ ಅದು. ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಆದರೆ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಬೆಳೆಸಿಕೊಂಡು ಔಷಧಿಯನ್ನು ನಿಷ್ಫಲಗೊಳಿಸುವುದು ಬಹಳ ಸಾಮಾನ್ಯ. ತೀವ್ರ ಅಲರ್ಜಿಯೂ ಆಗಬಹುದು. ಈ ಪ್ರತಿಕಾಯಗಳನ್ನು ತಗ್ಗಿಸಲು ಜೊತೆಗೆ ರೋಗನಿರೋಧಕ ಶಕ್ತಿಯನ್ನು ಹತ್ತಿಕ್ಕುವ ಮೆಥೋಟ್ರೆಕ್ಸೇಟ್ ಕೊಡುವ ಕ್ರಮ ಈಗ ಬಂದಿದೆ, ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮೆಥೋಟ್ರೆಕ್ಸೇಟ್ ಕೊಡುವುದು ಸುಲಭವಲ್ಲ. ಕೆಂಪು ರಕ್ತಕಣಗಳನ್ನು ಕಾಪಾಡುವ ಜಿ6ಪಿಡಿ ಕಿಣ್ವದ ಕೊರತೆ ಇರುವವರಿಗೆ ಪೆಗ್ಲೋಟಿಕೇಸ್ ಕೊಡಲೇಬಾರದು. ಎಲ್ಲ ದೇಶಗಳಲ್ಲೂ ಅದು ಸಿಗುವುದೂ ಇಲ್ಲ.

ಕೈಗೆಲಸ
ನಾನು ಕೈಗಳ ಪುನಶ್ಚೇತನ ಚಿಕಿತ್ಸೆ ಮಾಡುವವಳು. ಶಸ್ತ್ರಚಿಕಿತ್ಸೆಯ ಬಗ್ಗೆ ಇಷ್ಟೊಂದು ಮಾತಾಯಿತು, ಅದರ ನಂತರದ ಬಗ್ಗೆ ಯಾರೂ ಹೇಳಲಿಲ್ಲವೆಂದು ಬರೆಯುತ್ತಿದ್ದೇನೆ. ಬೆರಳುಗಳು ಬಹಳ ಬೇಗ ಬಿಗಿದುಕೊಳ್ಳುತ್ತವೆ. ರಜ್ಜುವನ್ನೋ ಕೀಲನ್ನೋ ಸರಿಪಡಿಸಿಲ್ಲದಿದ್ದರೆ, ಶಸ್ತ್ರವೈದ್ಯರ ಒಪ್ಪಿಗೆ ಪಡೆದು ಕೆಲವೇ ದಿನಗಳಲ್ಲಿ ಬೆರಳುಗಳನ್ನು ಮೆಲ್ಲಗೆ ಮಡಚಿ ಬಿಡಿಸಲು ಆರಂಭಿಸುತ್ತೇವೆ. ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲಿಟ್ಟುಕೊಳ್ಳುವುದು ಊತಕ್ಕೆ ಒಳ್ಳೆಯದು. ರಜ್ಜುವನ್ನು ಸರಿಪಡಿಸಿದ್ದರೆ ಕಥೆಯೇ ಬೇರೆ, ಆಗ ಬೆರಳು ಅಲುಗಾಡದಂತೆ ಹಿಡಿಯುವ ಸ್ಪ್ಲಿಂಟ್ ಹಾಕಿ ಕಾಯಬೇಕು.

ಮಾಡಿಸಿಕೊಳ್ಳುವ ಮೊದಲು ನಾನು ರೋಗಿಗಳಿಗೆ ಕೇಳುವ ಪ್ರಶ್ನೆಯೊಂದಿದೆ: ಈ ಕೈಯಿಂದ ನಿಮಗೆ ಮಾಡಲೇಬೇಕಾದ ಕೆಲಸಗಳು ಯಾವುವು? ಗುಂಡಿ ಹಾಕುವುದಕ್ಕೆ ಹೆಬ್ಬೆರಳು ಮತ್ತು ತೋರುಬೆರಳು ಸೇರಬೇಕು. ಗಟ್ಟಿಯಾಗಿ ಹಿಡಿಯುವುದಕ್ಕೆ ಉಂಗುರ ಬೆರಳೂ ಕಿರುಬೆರಳೂ ಮಡಚಬೇಕು. ಯಾವ ಗಂಟನ್ನು ಮೊದಲು ಮುಟ್ಟಬೇಕೆಂಬುದನ್ನು ಇದೇ ನಿರ್ಧರಿಸಬೇಕು, ಯಾವುದು ದೊಡ್ಡದಾಗಿ ಕಾಣುತ್ತದೆ ಎಂಬುದಲ್ಲ.

ಕೈಶಸ್ತ್ರಜ್ಞ
ನೂರಕ್ಕೆ ನೂರು ಒಪ್ಪುತ್ತೇನೆ. ಕೀಲೇ ಹಾಳಾಗಿದ್ದ ಕಡೆ ಗಂಟನ್ನು ತೆಗೆದರೂ ನೋವು ಹೋಗುವುದಿಲ್ಲ. ಬೆರಳ ತುದಿಯ ಕೀಲಾದರೆ, ಉಳಿದ ಮೃದ್ವಸ್ಥಿಯನ್ನು ತೆಗೆದು, ಎರಡು ಮೂಳೆಗಳನ್ನೂ ನೇರವಾಗಿ ಅಥವಾ ಅಲ್ಪ ಮಡಿಕೆಯಲ್ಲಿ ಜೋಡಿಸಿ, ತಂತಿಯಿಂದಲೋ ತಿರುಪಿನಿಂದಲೋ ಬಿಗಿದು ಬೆಸೆಯುತ್ತೇವೆ. ಆ ಕೀಲು ಮುಂದೆ ಮಡಚುವುದಿಲ್ಲ, ಆದರೆ ನೋಯುವುದೂ ಇಲ್ಲ, ಓಲಾಡುವುದೂ ಇಲ್ಲ. ತುದಿಯ ಕೀಲನ್ನು ಕಳೆದುಕೊಂಡರೂ ಕೈಯ ಕೆಲಸಕ್ಕೆ ಆಗುವ ನಷ್ಟ ಸ್ವಲ್ಪವೇ. ನಡುವಿನ ಕೀಲಿನ ವಿಷಯದಲ್ಲಿ ಹಾಗೆ ಸುಲಭವಾಗಿ ನಿರ್ಧರಿಸಲಾಗದು. ಸೋಂಕಿರುವಾಗ ಮಾತ್ರ ಲೋಹವನ್ನು ಒಳಗೆ ಬಿಡಲು ಹಿಂಜರಿಯುತ್ತೇವೆ.

ಹಿರಿಮಗಳು
ಎಲ್ಲರ ಮಾತುಗಳನ್ನೂ ಬರೆದುಕೊಂಡು ಹೋಗಿ, ಇಬ್ಬರೂ ವೈದ್ಯರನ್ನು ಪರಸ್ಪರ ಮಾತನಾಡಿಸಿದೆ. ಕಡೆಗೆ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಸೋಂಕಿತ ಉಂಗುರ ಬೆರಳಿನ ಗಂಟನ್ನು ಮೊದಲು ತೆರೆದು ಸ್ವಚ್ಛಗೊಳಿಸಿ, ಗಾಯವನ್ನು ಪೂರ್ತಿ ಹೊಲಿಯದೆ ಬಿಡುತ್ತಾರೆ. ಸೋಂಕು ಹತೋಟಿಗೆ ಬಂದ ಮೇಲೆ ಅದೇ ಕೈಯ ಮಣಿಕಟ್ಟಿನ ನರವನ್ನು ಬಿಡಿಸುತ್ತಾರೆ. ಉಳಿದ ಗಂಟುಗಳನ್ನು ಮುಟ್ಟುವುದಿಲ್ಲ. ಅಲೋಪ್ಯೂರಿನಾಲ್ ಈಗಲೇ ಶುರು ಮಾಡಬೇಕೇ, ಶಸ್ತ್ರಚಿಕಿತ್ಸೆ ಮುಗಿದ ಮೇಲೆಯೇ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಭಿನ್ನಾಭಿಪ್ರಾಯವಿದೆ.

ಸಂಧಿವೈದ್ಯೆ
ಹೊಸದಾಗಿ ಆರಂಭಿಸಿದಾಗ ಮೊದಲ ತಿಂಗಳುಗಳಲ್ಲಿ ಉಲ್ಬಣಗಳು ಹೆಚ್ಚಾಗುವುದುಂಟು. ಹರಳು ಕರಗುವಾಗ ಹೀಗೆ ಆಗುತ್ತದೆ, ಅದಕ್ಕಾಗಿಯೇ 3ರಿಂದ 6 ತಿಂಗಳು ತಡೆ ಔಷಧಿ ಕೊಡುತ್ತೇವೆ. ಶಸ್ತ್ರಚಿಕಿತ್ಸೆಯ ವಾರದಲ್ಲೇ ಆರಂಭಿಸಿದರೆ ಜ್ವರಕ್ಕೆ ಕಾರಣ ಯಾವುದೆಂದು ಗೊಂದಲವಾಗುತ್ತದೆ ಎಂಬ ಶಸ್ತ್ರವೈದ್ಯರ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ನಾನಾಗಿದ್ದರೆ ಸೋಂಕು ಹತೋಟಿಗೆ ಬಂದ ಕೂಡಲೇ, ಎರಡನೆಯ ಶಸ್ತ್ರಚಿಕಿತ್ಸೆಗೆ ಕಾಯದೆ, ಕಡಿಮೆ ಪ್ರಮಾಣದಿಂದ ಆರಂಭಿಸುತ್ತಿದ್ದೆ. ಆಸ್ಪತ್ರೆಯಿಂದ ಮನೆಗೆ ಹೋದ ಮೇಲೆ ಆರಂಭಿಸೋಣ ಎಂದು ಬಿಟ್ಟದ್ದು ಬಹಳ ಸಲ ಆರಂಭವಾಗುವುದೇ ಇಲ್ಲ. ಬೆರಳೆಣಿಕೆಯವರ ದೊಡ್ಡಪ್ಪನವರಿಗೆ ಆದದ್ದೂ ಅದೇ ಇರಬೇಕು.

ಬೆರಳೆಣಿಕೆ
ಹೌದು ಮೇಡಂ, ಹಾಗೆಯೇ ಆಯಿತು.

ಅನುಮಾನಪ್ಪ
ಉಳಿದ ಗಂಟುಗಳನ್ನು ಮುಟ್ಟುವುದಿಲ್ಲ ಎಂಬ ತೀರ್ಮಾನವನ್ನು ಕೇಳಿ ಸಮಾಧಾನವಾಯಿತು. ಒಂದು ಪ್ರಶ್ನೆ ಉಳಿದಿದೆ: ಜೋಮು ಶಸ್ತ್ರಚಿಕಿತ್ಸೆಯ ಮರುದಿನವೇ ಹೋಗುತ್ತದೆಯೇ?

ಕೈಶಸ್ತ್ರಜ್ಞ
ರಾತ್ರಿ ಎಚ್ಚರಗೊಳಿಸುವ ನೋವು ಬಹಳ ಜನರಲ್ಲಿ ಬೇಗ ಇಳಿಯುತ್ತದೆ. ಬೆರಳ ತುದಿಗಳ ಸ್ಪರ್ಶ ಮರಳಲು ತಿಂಗಳುಗಳು ಬೇಕಾಗಬಹುದು, ಒತ್ತಡ ಬಹಳ ಕಾಲ ಇದ್ದರೆ ಪೂರ್ತಿ ಮರಳದೆಯೂ ಇರಬಹುದು. ಮಧುಮೇಹದಿಂದಲೇ ನರ ಬಳಲಿದ್ದರೆ ಆ ಭಾಗದ ಜೋಮು ಹಾಗೆಯೇ ಉಳಿಯುತ್ತದೆ. ಇದನ್ನು ತಂದೆಯವರಿಗೆ ಮೊದಲೇ ಹೇಳಿಡಿ.

ಹಿರಿಮಗಳು
ಹೇಳುತ್ತೇನೆ. ಗಾಯವನ್ನು ತೆರೆದೇ ಬಿಟ್ಟಾಗ ಕಟ್ಟನ್ನು ಮನೆಯಲ್ಲಿ ನಾವೇ ಬದಲಿಸಬಹುದೇ?

ಕೈಗೆಲಸ
ಬದಲಿಸಬಹುದು, ಆದರೆ ಮೊದಲ ಕೆಲವು ಸಲ ದಾದಿಯ ಕೈಯಲ್ಲಿ ಮಾಡಿಸಿ, ನೋಡಿ ಕಲಿತುಕೊಳ್ಳಿ. ಬೆರಳನ್ನು ಸುತ್ತ ಬಿಗಿಯಾಗಿ ಸುತ್ತಬೇಡಿ, ಉಗುರಿನ ಬಣ್ಣ ಕಾಣುವಂತೆ ತುದಿಯನ್ನು ಬಿಟ್ಟಿರಿ. ಒಸರು ಬಿಳಿಯಾಗಿ ಪುಡಿಯಾಗಿದ್ದರೆ ಗಾಬರಿ ಬೇಡ. ದುರ್ವಾಸನೆ ಬಂದರೆ, ಕೆಂಪು ಅಂಗೈ ಕಡೆಗೆ ಹಬ್ಬಿದರೆ, ಬೆರಳನ್ನು ನೇರ ಮಾಡಲು ಹೋದಾಗ ತಡೆಯಲಾರದ ನೋವು ಬಂದರೆ ಅಥವಾ ಜ್ವರ ಏರಿದರೆ ಬೆಳಗಿನವರೆಗೂ ಕಾಯದೆ ಕರೆದುಕೊಂಡು ಹೋಗಿ.